ಮೇಜಿನ ಮೇಲಿನ ಚಾರ್ಜರು

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತು ಕೇಳಿ. ಚಂಪಕ್ಕನ ಮೇಜಿನ ಮೇಲೆ ಒಂದು ಫೋನ್ ಚಾರ್ಜರು ಇತ್ತು. ಹೆಡ್‌ಫೋನಿಗೆ ಹಾಡು ದೊಡ್ಡದು ಮಾಡಿ ಕೊಡುವ ಪುಟ್ಟ ಆಂಪ್ಲಿಫೈಯರು ಮನೆಗೆ ಬಂದದ್ದೇ ತಡ, ಚಾರ್ಜರಿಗೆ ಹೊಟ್ಟೆಯುರಿ ಹತ್ತಿತು. ‘ಹಾಡುವ ಫೋನಿಗೆ ಉಣ್ಣಿಸೋದು ನಾನು, ಹೊಗಳಿಕೆಯೆಲ್ಲ ಇದಕ್ಕಾ?’ ಎಂದು ಆಂಪ್ಲಿಫೈಯರಿಗೆ ಮೈ ಒತ್ತಿ ಕೂತು ಗೊಣಗತೊಡಗಿತು.

ಹೆಡ್‌ಫೋನು ಸಿಡುಕಿತು: “ಏನಯ್ಯಾ ಆಂಪ್ಲಿಫೈಯರ್, ಹಾಡಿನ ನಡುವೆ ಗುಂಯ್ ಅಂತೀಯಲ್ಲ!”

“ನಾನಲ್ಲ ತಾಯಿ. ಕಿವಿಗೆ ಬಿದ್ದದ್ದನ್ನು ದೊಡ್ಡದು ಮಾಡೋದಷ್ಟೇ ನನ್ನ ಕೆಲಸ.”

“ಅದರ ಗಂಟಲೇ ಕೆಟ್ಟಿದೆ, ಆಚೆ ಹಾಕಿಸು” ಎಂದಿತು ಚಾರ್ಜರು.

ಹಾಡು ಕೇಳುತ್ತಿದ್ದ ಚಂಪಕ್ಕ, ಈ ಗುಂಯ್ ಎಲ್ಲಿಂದ ಎಂದು ಒಂದೊಂದೇ ವೈರು ಕಿತ್ತು ಕಿವಿಗೊಟ್ಟಳು. ಚಾರ್ಜರನ್ನು ಕಿತ್ತ ಕೂಡಲೇ ಗುಂಯ್ ನಿಂತಿತು. “ಓಹೋ, ನಿನ್ನದಾ ಈ ರಾಗ!” ಎಂದಳು.

ಆಂಪ್ಲಿಫೈಯರು ಮೇಜಿನ ಮೇಲೇ ಉಳಿಯಿತು. ಹೆಡ್‌ಫೋನು ಹಾಡು ಸವಿಯುತ್ತ ಬಾಳಿತು. ಚಾರ್ಜರು ಅಡುಗೆಮನೆಯ ಮಿಕ್ಸಿ ಪಕ್ಕಕ್ಕೆ ಹೋಯಿತು. ಆ ಅಬ್ಬರದಲ್ಲಿ ಅದರ ಗೊಣಗು ಅದಕ್ಕೇ ಕೇಳಿಸುವುದಿಲ್ಲ.