ಗಿಲಕಿಯ ಮುಂದೆ ಕೇಳಿದ ಪ್ರಶ್ನೆ

“ಗುರುಗಳೇ, ನಾನು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಅವರ ಒಂದು ತಪ್ಪನ್ನೂ ತಿದ್ದದೆ ಬಿಟ್ಟವನಲ್ಲ. ಆದರೂ ನನ್ನ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ಪಾಠದಲ್ಲಿ ಏನು ಕೊರತೆ?” ಎಂದು ಚನ್ನವೀರ ಕೇಳಿದ.

ಕೊರತೆ ಹುಡುಕುವುದರಲ್ಲಿ ನೀನೇ ಗಟ್ಟಿಗನಲ್ಲವೇನಪ್ಪ, ನಾನೇನು ಹುಡುಕಲಿ ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಳು. ಅವಳ ತಮ್ಮ, ಇನ್ನೂ ಹಲ್ಲು ಬಾರದ ಕೂಸು, ಜ್ವರ ಬಂದು ತೀರಿಕೊಂಡಿತು. ಕೂಸಿನ ಜೊತೆಗೆ ಅದು ಆಡುತ್ತಿದ್ದ ಗಿಲಕಿಯನ್ನೂ ಇಟ್ಟು ಮಣ್ಣು ಮುಚ್ಚಿದರು. ಅಂದಿನಿಂದ ತಾಯಿ ಮಾತು ಬಿಟ್ಟಳು. ಒಲೆ ಹಚ್ಚುತ್ತಿದ್ದಳು, ಉಣ್ಣಲು ಬಡಿಸುತ್ತಿದ್ದಳು, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಮದ್ದು ಮಾಡಿಸಿದರು, ಹರಕೆ ಹೊತ್ತರು, ಏನೂ ಆಗಲಿಲ್ಲ. ಅವ್ವ ಮತ್ತೆ ಮಾತಾಡುತ್ತಾಳೋ ಇಲ್ಲವೋ ಎಂಬ ಒಂದೇ ಚಿಂತೆ ಹುಡುಗಿಯನ್ನು ಒಳಗೊಳಗೇ ತಿನ್ನುತ್ತಿತ್ತು. ಯಾರನ್ನು ಕೇಳಬೇಕೋ ತಿಳಿಯದೆ ಅವಳೂ ಶಾಲೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ಅವಳ ಇಂಗ್ಲಿಷ್ ಮೇಷ್ಟರು ಒಳ್ಳೆಯ ಮನುಷ್ಯ. ಒಂದು ದಿನ ಮಕ್ಕಳನ್ನೆಲ್ಲ ಕರೆದುಕೊಂಡು, ಆ ಸೀಮೆಯ ಹಳೆಯ ವಸ್ತುಗಳನ್ನು ಇಟ್ಟಿರುವ ಮ್ಯೂಸಿಯಮ್ಮಿಗೆ ಹೋದರು. ನೋಡಿದ್ದರ ಬಗ್ಗೆ ಒಬ್ಬೊಬ್ಬರೂ ಇಂಗ್ಲಿಷಿನಲ್ಲೇ ಒಂದು ಪ್ರಶ್ನೆ ಕೇಳಬೇಕೆಂದು ಕಟ್ಟಪ್ಪಣೆ ಮಾಡಿದರು. ಮಕ್ಕಳು ಕತ್ತಿಯ ಮುಂದೆ ನಿಂತು ಇದು ಯಾರದು ಎಂದರು, ನಾಣ್ಯದ ಮುಂದೆ ನಿಂತು ಎಷ್ಟು ಹಳೆಯದು ಎಂದರು. ಹೇಗೋ ತಮ್ಮ ಸರದಿ ಮುಗಿಸಿ ಉಸಿರು ಬಿಟ್ಟರು.

ಹುಲಿಗೆಮ್ಮ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಳು. ಒಳಗೆ ಮಣ್ಣಿನ ಗಿಲಕಿ ಇತ್ತು. ಕೆರೆ ಅಗೆಯುವಾಗ ಒಂದು ಕೂಸಿನ ಗೋರಿಯಲ್ಲಿ ಸಿಕ್ಕಿದ್ದು, ಸಾವಿರಾರು ವರ್ಷ ಹಳೆಯದು ಎಂದು ಮೇಷ್ಟರು ಹೇಳಿದರು. ಅಯ್ಯೋ, ಆ ಕಾಲದವರೂ ಹೀಗೇ ಇಡುತ್ತಿದ್ದರೇ ಎಂದು ಹುಡುಗಿ ಗಾಜಿಗೆ ಮುಖ ಒತ್ತಿ ನೋಡಿದಳು. ಅಷ್ಟು ಹಿಂದಿನದು ಗೊತ್ತಿದ್ದವರಿಗೆ ಇದೂ ಗೊತ್ತಿರುತ್ತದೆ ಎಂದುಕೊಂಡಳು. ಮೇಷ್ಟರ ಅಂಗಿ ಹಿಡಿದು ಜಗ್ಗಿ, ಬಂದಷ್ಟು ಇಂಗ್ಲಿಷ್ ಕೂಡಿಸಿಕೊಂಡು ಕೇಳಿದಳು:

“ಈ ಕೂಸಿನ ತಾಯಿ ಆಮೇಲೆ ಮಾತಾಡಿದಳೇ?”

ಮೇಷ್ಟರಿಗೆ ಹಿಗ್ಗೋ ಹಿಗ್ಗು. ವರ್ಷವಿಡೀ ಸುಮ್ಮನಿದ್ದ ಹುಡುಗಿ ಬಾಯಿ ಬಿಟ್ಟಿದ್ದಾಳೆ, ಸಾಮಾನ್ಯವೇ? ಬಗ್ಗಿ ಅವಳ ಬೆನ್ನ ಮೇಲೆ ಕೈಯಿಟ್ಟು, ತಪ್ಪು ತಿದ್ದಿ, ಈಗ ಹೇಳು ಎಂದರು. ಹೇಳಿದಳು. ಇನ್ನೊಂದು ಕಡೆ ಎಡವಿದಳು, ಅದನ್ನೂ ತಿದ್ದಿದರು. ಕೊನೆಗೆ ಒಂದು ಕುಂದೂ ಇಲ್ಲದೆ ಕೇಳಿದಳು. ಮೇಷ್ಟರು ಶಹಬ್ಬಾಸ್ ಎಂದು ಚಪ್ಪಾಳೆ ತಟ್ಟಿದರು, ಮಕ್ಕಳೂ ತಟ್ಟಿದರು. ಚಪ್ಪಾಳೆ ನಿಲ್ಲುವ ತನಕ ಹುಡುಗಿ ಮೇಷ್ಟರ ಮುಖವನ್ನೇ ನೋಡುತ್ತ ಕಾದಳು. ಅವರು ಮುಂದಿನ ಪೆಟ್ಟಿಗೆಯ ಕಡೆಗೆ ನಡೆದರು.

ಆಮೇಲೆ ಅವಳು ಆ ಮೇಷ್ಟರನ್ನು ಏನೂ ಕೇಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರನಿಗೆ ಮನಸ್ಸು ತಡೆಯಲಿಲ್ಲ. ಪಾಪ, ಅವಳ ಮನೆಯ ಸಂಗತಿ ಆ ಮೇಷ್ಟರಿಗೆ ಗೊತ್ತಿರಲಿಲ್ಲವಲ್ಲ ಎಂದ. ಪ್ರಶ್ನೆಯನ್ನು ಸರಿಯಾಗಿ ಕೇಳುವುದನ್ನಾದರೂ ಕಲಿಸಿದರಲ್ಲ ಎಂದೂ ಸೇರಿಸಿದ.

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಹೇಳಿದರು:

“ಇನ್ನೆಷ್ಟು ಸರಿಯಾಗಿ ಕೇಳಿದ್ದರೆ ಅವರು ಉತ್ತರ ಕೊಡುತ್ತಿದ್ದರಪ್ಪಾ?”