ಬಿಚ್ಚಿದ ಕಂಬಳಿ

ತುಂಬಾ ಹಿಂದಿನ ಮಾತು, ಆ ವರ್ಷ ಕುರಿಗಳ ಉಣ್ಣೆ ಕತ್ತರಿಸಿ ಮೂರು ವಾರ ಆಗಿತ್ತಂತೆ. ಕುರಿ ಸಾಕುವವರದೇ ಒಂದು ಊರು, ಅಲ್ಲಿ ಮಾಳವ್ವ ಅಂತ ಒಬ್ಬಳು. ಗಂಡ ಸತ್ತ ಮೇಲೆ ಅವನ ಮಗ್ಗಕ್ಕೆ ತಾನೇ ಕೂತವಳು. ಅವಳಿಗೆ ಒಬ್ಬಳೇ ಮಗಳು, ಸಿದ್ದವ್ವ. ಅದೇ ಊರಿನ ಜಕ್ಕಪ್ಪನ ಮಗನಿಗೆ ಅವಳನ್ನ ಕೊಡೋದು ಅಂತ ಮಾತಾಗಿತ್ತಂತೆ.

ಆ ಊರಲ್ಲಿ ಒಂದು ಪದ್ಧತಿ. ಮದುವೆ ದಿನ ಹುಡುಗಿ ಕೂರೋದು ತಾಯಿ ನೇಯ್ದ ಕರೀ ಕಂಬಳಿ ಮೇಲೆ. ಆ ಉಣ್ಣೆ ಬದುಕಿರೋ ಕುರಿಯಿಂದ ಕತ್ತರಿಸಿದ್ದೇ ಆಗಬೇಕು. ಸತ್ತ ಕುರಿಯಿಂದ ಕಿತ್ತ ಉಣ್ಣೆ ಒಂದೆಳೆ ಸೇರಿದರೂ ಮದುವೆ ಮುರೀತು, ಆ ಮನೆಯ ಹುಡುಗಿಯನ್ನ ಮತ್ತೆ ಯಾರೂ ಕೇಳೋದಿಲ್ಲ. ಹಾಗಾಗಿ ಮಾಳವ್ವ ಒಂದು ವರ್ಷ ನೂಲು ತೆಗೆದು ಮಗ್ಗಕ್ಕೆ ಕಂಬಳಿ ಹೂಡಿದ್ದಳಂತೆ.

ಅವಳ ಹಟ್ಟಿಯಲ್ಲಿ ಕಾಯಿಲೆ ಬಿದ್ದಿದ್ದ ಒಂದು ಕುರಿಗೆ ಮಾತ್ರ ಆ ಸಲ ಕತ್ತರಿ ಹಾಕಿರಲಿಲ್ಲ. ಅದು ಸತ್ತಿತು. ಹೂಳೋ ಮುಂಚೆ ಮಾಳವ್ವ ಪಕ್ಕದಲ್ಲಿ ಕೂತು ಅದರ ಮೈಗೆ ಅಂಟಿದ್ದ ಮುಳ್ಳನ್ನ ಒಂದೊಂದೇ ತೆಗೆದಳಂತೆ, ಮುಳ್ಳಿಟ್ಟುಕೊಂಡು ಮಣ್ಣಿಗೆ ಹೋಗೋದು ಬೇಡ ಅಂತ. ಪಕ್ಕದ ಮನೆ ಲಗಮವ್ವ ಅದನ್ನ ಬೇಲಿ ಆಚೆಯಿಂದ ನೋಡಿದಳು. ಆಮೇಲೆ ಬಾವಿ ಹತ್ತಿರ ಹೇಳಿದಳು, ಮಾಳಕ್ಕ ಸತ್ತ ಕುರಿ ಮುಂದೆ ಕೂತಿದ್ದಳು, ಕೈ ಉಣ್ಣೆಯಲ್ಲಿತ್ತು ಅಂತ. ಅಲ್ಲೇ ನೀರು ಸೇದುತ್ತಿದ್ದ ಸೋಮವ್ವ ಮನೆಗೆ ಹೋಗಿ ಹೇಳಿದಳು, ಮಾಳವ್ವ ಸತ್ತ ಕುರಿಯ ಉಣ್ಣೆ ಕೀಳುತ್ತಿದ್ದಳು ಅಂತ. ಆಮೇಲೆ ಸೋಮವ್ವನ ಗಂಡ ದ್ಯಾಮಣ್ಣ ಗುಡಿ ಕಟ್ಟೆ ಮೇಲೆ ಕೂತು ಹೇಳಿದ, ನಾನೇ ಕಣ್ಣಾರೆ ಕಂಡೆ, ಒಂದಲ್ಲ, ಮೂರು ಕುರಿ, ಬುಟ್ಟಿ ತುಂಬ ಕಿತ್ತುಕೊಂಡು ಹೋದಳು ಅಂತ. ಅವನಿಗೆ ತನ್ನ ತಂಗಿಯ ಮಗಳನ್ನ ಜಕ್ಕಪ್ಪನ ಮನೆಗೆ ಕೊಡಿಸೋ ಆಸೆ ಇತ್ತಂತೆ.

ಕಂಬಳಿ ಮಗ್ಗದಿಂದ ಇಳಿಯೋ ಹೊತ್ತಿಗೆ ಮಾತು ಊರೆಲ್ಲ ಹಬ್ಬಿತ್ತು. ಮದುವೆಗೆ ಹನ್ನೆರಡು ದಿನ. ಜಕ್ಕಪ್ಪ ಬಂದು ಬಾಗಿಲಲ್ಲೇ ನಿಂತ. ತಂಗೀ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಆದರೆ ನಾಳೆ ನನ್ನ ಮನೇಲಿ ಒಂದು ಕರು ಸತ್ತರೂ ನಿನ್ನ ಮಗಳ ಕಾಲ್ಗುಣ ಅಂತಾರೆ, ಹಿರಿಯರ ಮುಂದೆ ಇದು ಸುಳ್ಳು ಅಂತ ತೋರಿಸು, ಮೂರು ದಿನ ಕಾಯ್ತೀನಿ ಅಂದನಂತೆ. ತೋರಿಸ್ತೀನಣ್ಣಾ ಅಂದಳಂತೆ ಮಾಳವ್ವ.

ಸುಳ್ಳು ಅಂದುಬಿಟ್ಟರೆ ಆಗಲ್ವಾ ಅಂತೀಯಾ? ಆಗಲ್ಲ ಮಗಳೇ. ಹೆಸರು ಕೆಡಿಸೋದಕ್ಕೆ ಬಾಯಿ ಸಾಕು, ಅಲ್ಲಗಳೆಯೋದಕ್ಕೆ ಸಾಕ್ಷಿ ಬೇಕು. ಕಣ್ಣು ಮುಚ್ಚಿಕೊಂಡು ಕೇಳು.

ಮೊದಲನೇ ದಿನ ಮಾಳವ್ವ ಗುಡಿ ಮುಂದೆ ದೇವರ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡಿದಳಂತೆ. ಮಗಳ ಮದುವೆ ಅಂದರೆ ಯಾರಾದರೂ ಆಣೆ ಮಾಡ್ತಾರೆ ಬಿಡು ಅಂದ ದ್ಯಾಮಣ್ಣ. ಕೆಲವರು ಹೌದೌದು ಅಂತ ತಲೆಯಾಡಿಸಿದರು.

ಎರಡನೇ ದಿನ ಕುರಿ ಹೂತ ಜಾಗಕ್ಕೆ ಎಲ್ಲರನ್ನೂ ಕರೆದುಕೊಂಡು ಹೋದಳಂತೆ, ಉಣ್ಣೆ ಸಮೇತ ಹೂತಿದ್ದೀನಿ, ಅಗೆದು ನೋಡಿ ಅಂತ. ಹೋಗಿ ನೋಡಿದರೆ ಮಣ್ಣು ಕೆದರಿತ್ತು, ಗುಂಡಿ ಖಾಲಿ. ನರಿ ಎಳೆದುಕೊಂಡು ಹೋಗಿತ್ತು. ನರಿ ಉಣ್ಣೇನೂ ತಿನ್ನುತ್ತಾ ಮಾಳವ್ವಾ ಅಂತ ದ್ಯಾಮಣ್ಣ ಕೇಳಿದ. ಜನ ನಕ್ಕರಂತೆ. ಆ ದಿನ ಸಿದ್ದವ್ವ ಊಟ ಮಾಡಲಿಲ್ಲವಂತೆ.

ಮೂರನೇ ದಿನ ಅವಳು ಹೊಸ ಕಂಬಳಿ, ಕತ್ತರಿ ಎರಡನ್ನೂ ಕಟ್ಟೆಗೆ ತಂದಳು. ಗುಡಿಯ ಪೂಜಾರಿ ಅಮೋಗಪ್ಪನ ಹಟ್ಟಿಯಲ್ಲಿ ಆಗಷ್ಟೇ ಒಂದು ಕುರಿ ಸತ್ತಿತ್ತು. ಅದರ ತೊಗಲು ತರಿಸಿ, ಎಲ್ಲರ ಎದುರಿಗೆ ಒಂದು ಚಿಟಿಕೆ ಉಣ್ಣೆ ಕಿತ್ತು ಹಸಿರು ಎಲೆ ಮೇಲೆ ಇಟ್ಟಳಂತೆ. ಬದುಕಿರೋ ಕುರಿಯಿಂದ ಒಂದು ಚಿಟಿಕೆ ಕತ್ತರಿಸಿ ಇನ್ನೊಂದು ಎಲೆ ಮೇಲೆ ಇಟ್ಟಳಂತೆ. ಬಗ್ಗಿ ನೋಡಿ ಅಂದಳು. ಕಿತ್ತ ಕೂದಲಿನ ಬುಡದಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ಕತ್ತರಿಸಿದ್ದಕ್ಕೆ ಇರಲಿಲ್ಲ. ಎಲ್ಲರೂ ನೋಡಿದರು, ದ್ಯಾಮಣ್ಣನೂ ನೋಡಿದ.

ಆಮೇಲೆ ಮಾಳವ್ವ ದ್ಯಾಮಣ್ಣನಿಗೇ ಹೇಳಿದಳಂತೆ, ಎಲ್ಲಿ ಬಿಚ್ಚಲಿ, ನೀನೇ ಹೇಳು. ಈ ತುದಿ ಅಂದ. ಬಿಚ್ಚಿದಳು. ಎಳೆ ಪಿಂಜಿ ನೋಡಿದರೆ ಬಿಳಿ ಬುಡ ಇಲ್ಲ. ಆ ತುದಿ ಅಂದ. ಬಿಚ್ಚಿದಳು. ಅಲ್ಲೂ ಇಲ್ಲ. ತುದಿಗೆ ಒಳ್ಳೇದೇ ಹಾಕಿರ್ತಾಳೆ, ನಡುವೆ ನೋಡಬೇಕು ಅಂದ. ನಡುವೆ ನೋಡಬೇಕಾದರೆ ಕಂಬಳಿ ಕತ್ತರಿಸಲೇಬೇಕು. ಅವ್ವಾ ಬೇಡ ಅಂದಳಂತೆ ಸಿದ್ದವ್ವ. ಮಾಳವ್ವ ಮಗಳ ಕಡೆ ತಿರುಗಲಿಲ್ಲ. ತಿರುಗಿದ್ದರೆ ಕೈ ನಿಲ್ಲುತ್ತಿತ್ತು. ಒಂದು ವರ್ಷದ ಕಂಬಳಿಯನ್ನ ಎರಡು ತುಂಡು ಮಾಡಿದಳಂತೆ.

ಹೊತ್ತು ಇಳಿಯೋವರೆಗೂ ಪಿಂಜಿ ನೋಡಿದರು. ಒಂದು ಬಿಳಿ ಬುಡವೂ ಸಿಗಲಿಲ್ಲ.

ಆಮೇಲೆ ಲಗಮವ್ವ ಎದ್ದು ನಿಂತಳಂತೆ. ನಾನು ನೋಡಿದ್ದು ಕೈ ಮಾತ್ರ, ಕಿತ್ತಿದ್ದನ್ನ ನೋಡಲಿಲ್ಲ, ಏನಕ್ಕಾ ಮಾಡ್ತಿದ್ದೀಯ ಅಂತ ಬೇಲಿ ಮೇಲಿಂದ ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ ಅಂದಳು. ಅಮೋಗಪ್ಪ ದ್ಯಾಮಣ್ಣನ ಕಡೆ ತಿರುಗಿ, ಮೂರು ಕುರಿ ಅಂದೆಯಲ್ಲೋ, ಅವಳ ಹಟ್ಟಿಯಲ್ಲಿ ಈ ವರ್ಷ ಸತ್ತಿದ್ದೇ ಒಂದು, ನೀನು ಎಲ್ಲಿ ನಿಂತು ನೋಡಿದೆ ಅಂತ ಕೇಳಿದ. ಬೇರೆ ಯಾರನ್ನೋ ನೋಡಿರಬೇಕು ಅಂತ ದ್ಯಾಮಣ್ಣ ತಲೆ ತಗ್ಗಿಸಿದನಂತೆ.

ಈ ಅಪವಾದ ಸುಳ್ಳು ಅಂತ ಅಮೋಗಪ್ಪ ಕಟ್ಟೆ ಮೇಲಿಂದ ಮೂರು ಸಲ ಸಾರಿದ. ಈ ಮಾತು ಆಡಿದವರು, ಕೇಳಿ ಸುಮ್ಮನಿದ್ದವರು, ಎಲ್ಲರೂ ಮನೆಗೊಂದು ಉಂಡೆ ನೂಲು ತೆಗೆದು ಮಾಳವ್ವನ ಬಾಗಿಲಿಗೆ ತಂದುಕೊಡಬೇಕು, ಕೊಡುವಾಗ ನಾವು ಅಂದಿದ್ದು ತಪ್ಪು ಅಂತ ಬಾಯಿಬಿಟ್ಟು ಹೇಳಬೇಕು ಅಂದನಂತೆ. ಮೊದಲ ಉಂಡೆ ತಂದವಳು ಲಗಮವ್ವ, ಎರಡನೇದು ಜಕ್ಕಪ್ಪ. ದ್ಯಾಮಣ್ಣ ಮಾತ್ರ ಬಾಗಿಲು ಹಾಕಿಕೊಂಡು ಒಳಗೇ ಇದ್ದ, ಹೆಂಡತಿಯನ್ನೂ ಹೊರಗೆ ಬಿಡಲಿಲ್ಲ. ಮಾಳವ್ವ ಮತ್ತೆ ಮಗ್ಗಕ್ಕೆ ಕೂತಳು. ಹೇಳಿದ ದಿನಕ್ಕೇ ಮದುವೆ ಆಯಿತು, ಸಿದ್ದವ್ವ ಆ ಹೊಸ ಕಂಬಳಿ ಮೇಲೆ ಕೂತಳು, ಗಂಡನ ಮನೆಯಲ್ಲಿ ಸುಖವಾಗಿ ಬಾಳಿದಳಂತೆ.

ಕತೆ ಇಷ್ಟೇ, ಇನ್ನು ಮಲಗು. ಮಾಳವ್ವನ ಮನೆ ಬಿಟ್ಟು ಆ ಊರಲ್ಲಿ ಇದ್ದದ್ದು ಅರವತ್ತೊಂದು ಮನೆ. ನೂಲು ಬಂದದ್ದು ಅರವತ್ತು ಮನೆಯಿಂದ.