ಮಲಕಾಜಪ್ಪನ ಬಿಳಿ ಧೋತರ

ಬಹಳ ಹಿಂದೆ, ಯಾವ ಅರಸನ ಕಾಲ ಅಂತ ಮಾತ್ರ ಕೇಳಬೇಡಿ, ನಮ್ಮಜ್ಜಿಗೆ ಅವಳ ಅಜ್ಜಿ ಹೇಳಿದ್ದಿದು, ಹಳ್ಳದ ದಂಡೆಯ ಮೇಲೆ ಒಂದು ಊರಿತ್ತು. ಆ ಊರಿನಲ್ಲಿ ಮಲಕಾಜಪ್ಪ ಅಂತ ಒಬ್ಬ ಹಿರಿಯನಿದ್ದ. ಊರ ನಡುವೆ ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಬಿಳಿ ಧೋತರ ಉಟ್ಟು ಕೂತ ಮಲಕಾಜಪ್ಪ. ಹೊಲದ ಬದುವಿನ ಜಗಳವಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಅಲ್ಲಿ ಕೂತು ಅವನು ಹೇಳಿದ್ದೇ ಕೊನೆಯ ಮಾತು. ಅವನೆದುರು ನಿಂತರೆ ಸುಳ್ಳು ಹೇಳುವವನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತಂತೆ. ಹಾಗಂತಾರೆ. ಇದ್ದದ್ದನ್ನು ಒಂದಿಷ್ಟು ಹಿಗ್ಗಿಸಿ ಹೇಳುವುದರಲ್ಲಿ ನಮ್ಮ ಜನ ಯಾವತ್ತೂ ಹಿಂದೆ ಬಿದ್ದವರಲ್ಲ.

ಒಂದು ಸುಗ್ಗಿಯಲ್ಲಿ, ಬೆಳಗ್ಗೆ ಬಯಲಕಡೆಗೆ ಹೋಗಿದ್ದಾಗ, ಅವನಿಗೆ ರಕ್ತ ಬಿತ್ತು. ಖಾರ ಹೆಚ್ಚಾಗಿರಬೇಕು ಅಂದುಕೊಂಡು ಮಣ್ಣು ಮುಚ್ಚಿ ಬಂದ. ಮರುದಿನವೂ ಬಿತ್ತು. ಆಮೇಲೆ ಬೀಳದ ದಿನವೇ ಅಪರೂಪವಾಯಿತು. ಅವನಿಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು. ಹಲ್ಲು ನೋವಾದರೆ ಕೆನ್ನೆ ಹಿಡಿದುಕೊಂಡು ಊರೆಲ್ಲ ತಿರುಗಬಹುದು, ಕಾಲು ಮುರಿದರೆ ಕಟ್ಟು ಕಟ್ಟಿಸಿಕೊಂಡು ಅಂಗಳದಲ್ಲಿ ಕೂರಬಹುದು. ಇದನ್ನು ಯಾರ ಮುಂದೆ ಹೇಳುವುದು? ಹಳ್ಳದ ಆಚೆ ಊರಿನಲ್ಲಿ ಮೌಲಾಸಾಬ ಅಂತ ಹಕೀಮನಿದ್ದ, ಅವನ ಕೈಗುಣ ಎಲ್ಲರಿಗೂ ಗೊತ್ತಿತ್ತು. ಆದರೆ ಅಲ್ಲಿ ಹೋದರೆ ಧೋತರ ಸಡಿಲಿಸಬೇಕು, ಬೆನ್ನು ತಿರುಗಿಸಿ ಬಗ್ಗಬೇಕು. ಊರಿಗೆ ನ್ಯಾಯ ಹೇಳುವವನು ಹಾಗೆ ಬಗ್ಗುವುದೇ? ಸತ್ತರೂ ಸೈ, ಹೋಗಲಾರೆ ಅಂದುಕೊಂಡ.

ಒಂದು ದಿನ ಕಟ್ಟೆಯಿಂದ ಎದ್ದಾಗ ಧೋತರದ ಮೇಲೆ ಕಲೆ ಕಂಡಿತು. ಹೆಗಲ ಮೇಲಿನ ಕಂಬಳಿಯನ್ನು ನಡುವಿಗೆ ಸುತ್ತಿಕೊಂಡು ಮನೆಗೆ ಬಂದವನು, ಅವತ್ತೇ ಉಡುವ ಧೋತರಗಳನ್ನೆಲ್ಲ ಬಣ್ಣಗಾರನಲ್ಲಿಗೆ ಒಯ್ದು ಕೆಂಪಗೆ ಅದ್ದಿಸಿದ.

ಮರುದಿನ ಕೆಂಪು ಉಟ್ಟು ಬಂದ ಮಲಕಾಜಪ್ಪನನ್ನು ಊರು ಬಾಯಿ ತೆರೆದು ನೋಡಿತು. ಕೆಂಪೆಂದರೆ ಊರದೇವತೆ ದ್ಯಾಮವ್ವನ ಬಣ್ಣ. ಇವನು ತಾಯಿಗೆ ಹರಕೆ ಹೊತ್ತಿದ್ದಾನೆ ಅಂತ ಯಾರೋ ಅಂದರು, ಎಲ್ಲರೂ ಹೌದೆಂದರು. ಹರಕೆ ಹೊತ್ತವನನ್ನು ಏನು, ಯಾಕೆ ಅಂತ ಕೇಳಬಾರದೆಂಬುದು ಆ ಊರಿನ ಕಟ್ಟುಪಾಡು. ಹಾಗಾಗಿ ಯಾರೂ ಕೇಳಲಿಲ್ಲ. ಒಬ್ಬರಾದರೂ ಕೇಳಬಾರದಿತ್ತೇ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಕೂರಲಾಗದೆ ಅವನು ನಿಂತೇ ನ್ಯಾಯ ಹೇಳತೊಡಗಿದ. ತಾಯಿ ಎದುರಿಗಿರುವಾಗ ಹೇಗೆ ಕೂರುತ್ತಾನೆ ಅಂದಿತು ಊರು. ರೊಟ್ಟಿ ಬಿಟ್ಟು ಬರೀ ಗಂಜಿ ಕುಡಿದ. ಎಂಥ ಕಠಿಣ ವ್ರತ ಅಂದಿತು. ಸೊಸೆಯ ಕೈಗೆ ಧೋತರ ಕೊಡದೆ, ನಸುಕಿನಲ್ಲಿ ಹಳ್ಳಕ್ಕೆ ಹೋಗಿ ತಾನೇ ಒಗೆದುಕೊಂಡ. ಅದು ಮಡಿಯಾಯಿತು. ಮೈಯಲ್ಲಿ ರಕ್ತವಿಲ್ಲದೆ ಮುಖ ಬಿಳಿಚಿಕೊಂಡಾಗ, ಕಳೆ ನೋಡಿ ಕಳೆ, ಅಂತ ಕೈ ಮುಗಿದರು. ಹೆಂಗಸರು ತೆಂಗಿನಕಾಯಿ ತಂದಿಟ್ಟು ಕಾಲಿಗೆ ಬಿದ್ದರು. ಅವನು ನಡೆದ ದಾರಿಯಲ್ಲಿ ಹಾವು ಸರಿದುಹೋಗುತ್ತದೆ ಅಂದರು, ಅವನು ಮುಟ್ಟಿದ ಕೂಸಿಗೆ ಜ್ವರ ಬಿಡುತ್ತದೆ ಅಂದರು. ಮಲಕಾಜಪ್ಪ ಬಾಯಿ ಬಿಡಲಿಲ್ಲ. ಮೊದಲಾಗಿದ್ದರೆ ರೋಗವನ್ನಷ್ಟೇ ಹೇಳಬೇಕಿತ್ತು. ಈಗ ಹೇಳಿದರೆ ದ್ಯಾಮವ್ವನ ಹೆಸರಿನಲ್ಲಿ ಊರನ್ನೇ ನಂಬಿಸಿ ಮೋಸ ಮಾಡಿದವನಾಗುತ್ತಿದ್ದ. ಊರು ಪೂಜೆ ಮಾಡುತ್ತಲೇ ಇತ್ತು, ಅವನು ಒಳಗೊಳಗೆ ಸಾಯುತ್ತಲೇ ಇದ್ದ.

ಒಂದು ನಸುಕಿನಲ್ಲಿ ಅವನು ಹಳ್ಳದಲ್ಲಿ ಧೋತರ ಹಿಂಡುತ್ತಿದ್ದಾಗ ಗಾಣಿಗರ ಸೊಸೆ ಶಾವಂತ್ರವ್ವ ಬಂದಳು. ಕಂಕುಳಲ್ಲಿ ಎದೆಹಾಲು ಬಿಡದ ಕೂಸು, ಮೈಮೇಲೆ ಕೆಂಪು ಸೀರೆ. ಅವಳು ದೂರದಲ್ಲೇ ಕೂಸನ್ನು ಇಳಿಸಿ, ಸೆರಗು ಬಾಯಿಗಿಟ್ಟುಕೊಂಡು, ತಲೆ ಎತ್ತದೆ ಹೇಳಿದಳಂತೆ. ಹೆರಿಗೆಯಾದಾಗಿನಿಂದ ಹಿಂದಿನಿಂದ ರಕ್ತ ಹೋಗುತ್ತಿದೆ. ಗಂಡನಿಗೆ ಹೇಳಿಲ್ಲ, ಅತ್ತೆಗೆ ಹೇಳಿಲ್ಲ. ನಿಮ್ಮ ಹಾಗೇ ಕೆಂಪು ಉಟ್ಟೆ, ಗಂಜಿ ಕುಡಿದೆ, ತಾಯಿಯನ್ನು ಬೇಡಿದೆ. ಆದರೂ ನಿಂತಿಲ್ಲ. ನನ್ನ ಹರಕೆಯಲ್ಲಿ ಏನು ತಪ್ಪಾಗಿದೆ ಅಂತ ಕೇಳಿದಳು. ಅವಳ ಉಗುರುಗಳು ಸುಣ್ಣದ ಹಾಗೆ ಬೆಳ್ಳಗಾಗಿದ್ದವು.

ಮಲಕಾಜಪ್ಪನ ಕೈಯಲ್ಲಿನ ಧೋತರದಿಂದ ನೀರಿಗೆ ಕೆಂಪು ಇಳಿಯುತ್ತಿತ್ತು. ಅವಳು ಅದನ್ನು ನೋಡಿ, ಬಣ್ಣ ಬಿಡ್ತೈತ್ರಿ ಅಪ್ಪಾರ, ಅಂದಳು.

"ಬಣ್ಣಲ್ಲವ್ವಾ ಇದು" ಅಂದ ಮಲಕಾಜಪ್ಪ.

ಆಮೇಲೆ ಎಲ್ಲವನ್ನೂ ಹೇಳಿದ. ಹರಕೆಯೂ ಇಲ್ಲ, ವ್ರತವೂ ಇಲ್ಲ, ನೀನು ಈಗಲೇ ಹಕೀಮನ ಹತ್ತಿರ ಹೋಗು, ಅವನ ಹೆಂಡತಿ ಬೀಬಿ ಹೆಂಗಸರನ್ನು ನೋಡುತ್ತಾಳೆ ಅಂದ. ಶಾವಂತ್ರವ್ವ ಕಣ್ಣೊರೆಸಿಕೊಂಡು ಒಂದೇ ಮಾತು ಕೇಳಿದಳು.

"ಇಷ್ಟು ದೊಡ್ಡವರು ನೀವಽ ಹೋಗಿಲ್ಲ. ನಾ ಹೆಂಗ ಹೋಗ್ಲಿರಿ?"

ಜೀವಮಾನವೆಲ್ಲ ನ್ಯಾಯ ಹೇಳಿದವನು ಹಿಂಡಿದ ಧೋತರವನ್ನು ಹೆಗಲಿಗೆ ಹಾಕಿಕೊಂಡ, ಕೂಸನ್ನು ಎತ್ತಿಕೊಂಡ, ಹಳ್ಳಕ್ಕೆ ಇಳಿದ. ಅವಳು ಹಿಂದೆ ನಡೆದಳು.

ಬೀಬಿ ಶಾವಂತ್ರವ್ವನನ್ನು ಒಳಗೆ ಕರೆದೊಯ್ದಳು. ಹೊರಗೆ ಮೌಲಾಸಾಬ ಏನಾಗಿದೆ ಅಂತ ಕೇಳಿದರೆ ಮಲಕಾಜಪ್ಪನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು. ಹಕೀಮ ಒತ್ತಾಯಿಸಲಿಲ್ಲ. ಒಂದು ತಂಬಿಗೆ ನೀರು ಕೊಟ್ಟು, ಅವನು ಕುಡಿಯುವ ತನಕ ಕಾದು, ಆಮೇಲೆ ಮೆಲ್ಲಗೆ ಹೇಳಿದನಂತೆ.

"ಮೈಗೆ ಮ್ಯಾಲೂ ಬಾಗಲಾ ಅದ, ಕೆಳಗೂ ಅದ. ಎರಡೂ ಮಾಡಿದಾವ ಒಬ್ಬನಽ. ಅವಗಿಲ್ಲದ ನಾಚಿಕಿ ನಮಗ್ಯಾಕ, ಗೌಡ್ರ?"

ಮಲಕಾಜಪ್ಪ ಹೇಳಿದ. ಧೋತರ ಸಡಿಲಿಸಿದ, ಬೆನ್ನು ತಿರುಗಿಸಿದ, ಬಗ್ಗಿದ. ಅದಕ್ಕೆ ಹಿಡಿದದ್ದು ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಇಷ್ಟೇ ಹೊತ್ತಿಗಾಗಿ ಸುಗ್ಗಿಯ ಮೇಲೆ ಸುಗ್ಗಿ ಕಳೆದಿದ್ದೆನಲ್ಲ ಅಂತ ಅವನಿಗೆ ಅಳು ಬಂತು.

ಶಾವಂತ್ರವ್ವನದು ವಾಸಿಯಾಗುವ ರೋಗ ಅಂದಳು ಬೀಬಿ. ಔಷಧ ಕೊಟ್ಟಳು, ಮಜ್ಜಿಗೆ ಸೊಪ್ಪು ತಿನ್ನಲು ಹೇಳಿದಳು. ಮೌಲಾಸಾಬ ಮಾತ್ರ ಕೈ ತೊಳೆದು ಬಂದು ಮಲಕಾಜಪ್ಪನ ಪಕ್ಕದಲ್ಲಿ ಕೂತ. ಒಳಗೆ ಗಟ್ಟಿ ಗಂಟು ಬೆಳೆದಿತ್ತು. ಮೊದಲ ರಕ್ತ ಕಂಡಾಗಲೇ ಬಂದಿದ್ದರೆ ಏನಾದರೂ ಮಾಡಿ ನೋಡಬಹುದಿತ್ತು, ಈಗ ನೋವು ಇಳಿಸುವುದಷ್ಟೇ ನನ್ನ ಕೈಯಲ್ಲಿದೆ ಅಂದ. ಮಲಕಾಜಪ್ಪ ತಲೆಯಾಡಿಸಿದ. ಬರುವಾಗಲೂ ಕೂಸನ್ನು ಅವನೇ ಎತ್ತಿಕೊಂಡಿದ್ದನಂತೆ.

ಮರುದಿನ ಡಂಗುರ ಸಾರಿಸಿ ಊರನ್ನು ಸೇರಿಸಿದ. ತನ್ನ ಹೆಣಕ್ಕೆ ಹೊದಿಸಲೆಂದು ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಬಿಳಿ ಧೋತರ ಉಟ್ಟು ಬಂದ. ಬಂದವನು ನಿಲ್ಲಲಿಲ್ಲ. ಕಟ್ಟೆಯ ಮೇಲೆ, ತನ್ನ ಹಳೆಯ ಜಾಗದಲ್ಲಿ, ಹಲ್ಲು ಕಚ್ಚಿ ಕೂತ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಬಿಳಿಯ ಮೇಲೆ ಕೆಂಪು ಹರಡಿತು. ಅವನು ಮುಚ್ಚಿಕೊಳ್ಳಲಿಲ್ಲ.

"ನಾ ಹೊತ್ತದ್ದು ಹರಕಿ ಅಲ್ಲ, ನಾಚಿಕಿ" ಅಂದ. "ಅದು ನನ್ನ ತಿಂದು ಮುಗಿಸೇತಿ. ನಿಮ್ಮನ್ನ ತಿನ್ನೂದು ಬ್ಯಾಡ."

ಕೆಲವರು ಮುಖ ತಿರುಗಿಸಿದರು. ಒಬ್ಬಳು ತಾನಿಟ್ಟ ತೆಂಗಿನಕಾಯಿ ಎತ್ತಿಕೊಂಡು ಹೋದಳು. ಗುಂಪಿನ ಹಿಂದೆ ನಿಂತಿದ್ದ ಒಬ್ಬ ಕುರುಬರ ಮುದುಕ ಮಾತ್ರ ನಿಧಾನವಾಗಿ ಮುಂದೆ ಬಂದು, ಕಟ್ಟೆಯ ಮೇಲೆ ಮಲಕಾಜಪ್ಪನ ಪಕ್ಕದಲ್ಲಿ ಕೂತು, ನನಗೂ ಐತಿ, ಅಂದನಂತೆ. ಯಾರೂ ನಗಲಿಲ್ಲ. ಆ ಮುದುಕ ಮರುದಿನವೇ ಹಳ್ಳ ದಾಟಿದ, ಆಮೇಲೆ ಬಹಳ ವರ್ಷ ಕುರಿ ಕಾಯ್ದ.

ಮಲಕಾಜಪ್ಪ ಮುಂದಿನ ಬಿತ್ತನೆ ನೋಡಲಿಲ್ಲ. ಅವನಿಗೆ ಗುಡಿ ಕಟ್ಟಬೇಕು ಅಂದವರಿದ್ದರು. ಬೇಡ ಅಂತ ಅಡ್ಡ ನಿಂತವಳು ಶಾವಂತ್ರವ್ವ. ಗುಡಿ ಕಟ್ಟಿದರೆ ಮತ್ತೆ ಕಾಲಿಗೆ ಬೀಳುತ್ತೀರಿ, ಹಕೀಮನಲ್ಲಿಗೆ ಹೋಗುವುದಿಲ್ಲ ಅಂದಳಂತೆ. ಬದಲಿಗೆ, ಮುಪ್ಪಾಗುವ ತನಕ ದಿನಾ ಬೆಳಗ್ಗೆ ಅವಳೇ ಆ ಕಟ್ಟೆಯ ಮೇಲೆ ಕೂತಳು, ಹೇಳಲಾರದ್ದನ್ನು ಹೇಳಲು ಬಂದವರ ಮಾತಿಗೆ ಕಿವಿಯಾದಳು.

ಆ ಕಟ್ಟೆ ಈಗಲೂ ಇದೆ. ತಾಲೂಕಿನ ಬಸ್ಸು ಅದರ ಮುಂದೆಯೇ ನಿಲ್ಲುತ್ತದೆ. ಬಾಯಿ ಬಿಟ್ಟು ಹೇಳಲಾಗದ ರೋಗ ಬಂದವರು ಇವತ್ತಿಗೂ ಆಸ್ಪತ್ರೆಗೆ ಹೋಗುವ ಮೊದಲು ಆ ಕಲ್ಲಿನ ಮೇಲೆ ಕೂತು, ತಮಗಾದದ್ದನ್ನು ಒಂದು ಸಲ ಗಟ್ಟಿಯಾಗಿ ಹೇಳುತ್ತಾರೆ. ಅಲ್ಲಿದ್ದವರು ನಗುವಂತಿಲ್ಲ, ಎದ್ದು ಹೋಗುವಂತಿಲ್ಲ. "ಹೋಗಿ ತೋರಿಸ್ಕೊಂಡ ಬಾ" ಅನ್ನಬೇಕು, ಅಷ್ಟೇ. ಹೇಳಿದವರು ಬಟ್ಟೆ ಕೊಡವಿಕೊಂಡು ಎದ್ದು ಬಸ್ಸು ಹತ್ತುತ್ತಾರೆ.